ಭಾಗವತರ ದನಿ ಕಳುವಾದ ಪ್ರಕರಣ

1996ನೇ ಇಸವಿ ನವೆಂಬರ್ 18, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಶಿರಸಿ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಹೆಡ್ ಕಾನ್‌ಸ್ಟೇಬಲ್ ಮಾದೇವ ಇಷ್ಟು ವರ್ಷದ ಸರ್ವಿಸಿನಲ್ಲಿ ದನ ಕಳುವು, ಪಂಪ್‌ಸೆಟ್ ಕಳುವು, ದೇವಸ್ಥಾನದ ಗಂಟೆ ಕಳುವು ಎಲ್ಲ ಬರೆದು ಕೈ ಪಳಗಿಸಿಕೊಂಡವನು. ಅವತ್ತೂ ತಲೆ ಎತ್ತದೆ ಕೇಳಿದ.

"ಏನು ಹೋಯ್ತು ನಿಮ್ದು?"

ಎದುರಿಗಿದ್ದ ಗಂಡಸು ಮಾತಾಡಲಿಲ್ಲ. ಹೆಗಲ ಚೀಲದಿಂದ ಮಕ್ಕಳ ಸ್ಲೇಟು ತೆಗೆದು ಬಳಪದಲ್ಲಿ ಏನೋ ಗೀಚಿದರು. ಪಕ್ಕದಲ್ಲಿದ್ದ ಹೆಂಗಸು ಅದನ್ನು ಓದಿ ಹೇಳಿದರು.

"ನನ್ನ ದನಿ."

ಬೆಳಗಾಗೆದ್ದು ಎಂಥೆಂಥವರೆಲ್ಲ ಬರುತ್ತಾರಪ್ಪ ಎಂದು ನಗಲು ಹೊರಟ ಮಾದೇವ ತಲೆ ಎತ್ತಿದ. ಆ ಮುಖ ನೋಡಿದ. ಕುತ್ತಿಗೆಗೆ ಸುತ್ತಿದ್ದ ಬಿಳಿ ಬಟ್ಟೆ ನೋಡಿದ. ಕುರ್ಚಿ ಹಿಂದಕ್ಕೆ ಬಿದ್ದದ್ದೂ ಗೊತ್ತಾಗದಂತೆ ಎದ್ದು ನಿಂತ.

"ಅಯ್ಯಯ್ಯೋ, ಭಾಗವತ್ರೆ! ನೀವಾ?"

ನಿಲ್ಕುಂದದ ವಿಘ್ನೇಶ್ವರ ಭಾಗವತರು. ಯಕ್ಷಗಾನದ ಆಟದಲ್ಲಿ ವೇಷ ಎಷ್ಟಾದರೂ ಇರಲಿ, ಹಾಡುವ ಭಾಗವತ ಎತ್ತಿದಂತೆ ಆಟ ಏಳಬೇಕು. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಈ ಮನುಷ್ಯನ ಪದ್ಯ ಕೇಳಲು ಜನ ಬಸ್ಸಿಲ್ಲದಿದ್ದರೆ ನಡೆದು ಹೋಗುತ್ತಿದ್ದರು. ಮಾದೇವನೂ ಹೋದವನೇ, ಅದೂ ಡ್ಯೂಟಿ ತಪ್ಪಿಸಿ. ಮಳೆಗಾಲದ ಶುರುವಿನಲ್ಲಿ ಹುಬ್ಬಳ್ಳಿಯಲ್ಲಿ ಭಾಗವತರಿಗೆ ಗಂಟಲಿನ ಆಪರೇಷನ್ ಆಗಿ ದನಿಪೆಟ್ಟಿಗೆಯನ್ನೇ ತೆಗೆದಿದ್ದರು. ಸುದ್ದಿ ಊರಿಗೆಲ್ಲ ಗೊತ್ತಿತ್ತು. ಆದರೆ ಆ ಬಾಯಿ ಸುಮ್ಮನೆ ಇರುವುದನ್ನು ಎದುರಿಗೆ ನೋಡಿದ ಮಾದೇವ ಬಿದ್ದ ಕುರ್ಚಿಯನ್ನೇ ಎತ್ತಿ ಅವರ ಮುಂದಿಟ್ಟ.

ಸದ್ದು ಕೇಳಿ ಪಿಎಸ್‌ಐ ವೀರಪ್ಪ ಒಳಗಿನಿಂದ ಬಂದರು. ಹಾವೇರಿ ಕಡೆಯವರು. ಯಕ್ಷಗಾನವೆಂದರೆ ಅವರಿಗೆ ನಿದ್ದೆಗೆಟ್ಟು ಮಾಡುವ ಬಂದೋಬಸ್ತು, ಅಷ್ಟೇ.

"ಬರ್ರಿ, ಕೂಡ್ರಿ. ಏನಾತ್ರಿ?"

ಭಾಗವತರು ಮೇಜಿನ ಮೇಲೆ ಒಂದು ಕ್ಯಾಸೆಟ್ ಇಟ್ಟರು. ರಟ್ಟಿನ ಮೇಲೆ 'ಸುಹಾಸ ಭಾಗವತ, ಹೆಗ್ಗರಣೆ: ಆಯ್ದ ಪದ್ಯಗಳು' ಎಂದು ಅಚ್ಚಾಗಿತ್ತು. ತಯಾರಿಸಿದವರ ಹೆಸರು, ವಿಳಾಸ ಏನೂ ಇರಲಿಲ್ಲ. ಸ್ಲೇಟು ತುಂಬುತ್ತ, ಅಳಿಸುತ್ತ, ಮತ್ತೆ ತುಂಬುತ್ತ ಹೋಯಿತು. ಹೆಂಗಸು ಒಂದೊಂದೇ ಸಾಲು ಓದಿದರು.

"ಸುಹಾಸ ನನ್ನ ಶಿಷ್ಯ. ಕ್ಯಾಸೆಟ್ಟಿನಲ್ಲಿರುವುದು ಅವನ ದನಿಯಲ್ಲ, ನನ್ನದು. ಶನಿವಾರ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಹಾಕಿದ್ದರು. ಕೇಳಿ ಅಲ್ಲಿಯೇ ಕುಸಿದು ಕೂತೆ. ನಾನು ಯಾರಿಗೂ ಅನುಮತಿ ಕೊಟ್ಟಿಲ್ಲ. ಎಲ್ಲ ಕ್ಯಾಸೆಟ್ಟನ್ನೂ, ಮೂಲ ಟೇಪನ್ನೂ ಹಿಡಿದು ನನಗೆ ಕೊಡಬೇಕು. ನಾನೇ ಸುಡುತ್ತೇನೆ."

"ಸುಡೂದು ಯಾಕ್ರಿ?"

ಬಳಪ ಮತ್ತೆ ಬರೆಯಿತು. ಈ ಸಾಲು ಓದುವಾಗ ಹೆಂಗಸಿನ ದನಿ ಸಣ್ಣದಾಯಿತು.

"ಸತ್ತ ದನಿ ಕೇಳುತ್ತ ಬದುಕಿದವನು ಹೇಗೆ ಕೂರಲಿ? ಮನೆಯಲ್ಲಿದ್ದ ಟೇಪುಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದ್ದೇನೆ."

ಮಾದೇವ "ಅಯ್ಯೋ ಪಾಪವೇ" ಎಂದುಬಿಟ್ಟ. ವೀರಪ್ಪ ಅವನತ್ತ ಕಣ್ಣು ಬಿಟ್ಟು, ಹೆಂಗಸಿನತ್ತ ತಿರುಗಿದರು.

"ನೀವು ಅವರ ಮನಿಯವರೇನ್ರಿ? ಹೆಸರು?"

"ಭಾಗೀರಥಿ."

"ಯಜಮಾನರ ಪೂರ್ತಿ ಹೆಸರು ಹೇಳ್ರಿ, ಬರ್ಕೋತೀನಿ."

ಭಾಗೀರಥಮ್ಮ ಸೆರಗು ಎಳೆದುಕೊಂಡು ಸ್ಲೇಟಿನತ್ತ ಕೈ ತೋರಿಸಿದರು. "ಅವರೇ ಬರೀತ್ರು." ವೀರಪ್ಪನಿಗೆ ಅರ್ಥವಾಗಲಿಲ್ಲ. ಮಾದೇವ ಕಿವಿಯಲ್ಲಿ ಹೇಳಿದ: "ಗಂಡನ ಹೆಸ್ರು ಬಾಯಲ್ಲಿ ಹೇಳೋದಿಲ್ಲ ಸಾಹೇಬ್ರೆ, ಹಳೇ ಪದ್ಧತಿ."

"ಹೌದಲಾ! ನಮ್ಮವ್ವ ಗುರುಶಾಂತವ್ವ ಸಾಯೂ ತನಕ ನಮ್ಮಪ್ಪನ ಹೆಸರು ಹೇಳಲಿಲ್ಲ. ರೇಷನ್ ಕಾರ್ಡಿನವ್ರ ಮುಂದ ನನ್ನ ದೂಡತಿದ್ಲು" ಎಂದು ವೀರಪ್ಪ ನಕ್ಕು ಹೆಸರನ್ನು ಸ್ಲೇಟಿನಿಂದ ಇಳಿಸಿಕೊಂಡರು.

ಹೆಸರು ಬರೆದದ್ದೇನೋ ಆಯಿತು, ಕಲಂ ಯಾವುದು ಹಾಕುವುದು? ಕಳುವಿನ ಕಲಂ ಹಾಕಬೇಕಾದರೆ ಹೋದ ವಸ್ತು ಕೈಯಲ್ಲಿ ಹಿಡಿಯುವಂಥದ್ದಿರಬೇಕು. ದನಿಯನ್ನು ಯಾವ ಗೋಣಿಯಲ್ಲಿ ಕಟ್ಟುವುದು? ಭಾಗವತರು ಅದಕ್ಕೂ ತಯಾರಾಗಿ ಬಂದಿದ್ದರು. ಜೇಬಿನಿಂದ ಪತ್ರಿಕೆಯ ಒಂದು ತುಂಡು ತೆಗೆದು ಮುಂದಿಟ್ಟರು. 'ಕಾನೂನಿನಲ್ಲಿ ಹೊಸದು' ಎಂಬ ಅಂಕಣ. ಬರೆದವರು ಪರಿಮಳಾ, ಪೇಟೆಂಟು ವಕೀಲರು, ಶಿರಸಿ.

ಪರಿಮಳಾ ಅವರ ಆಫೀಸು ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ. ಹುಲಗೋಳದ ಹುಡುಗಿ ಮದ್ರಾಸಿನಲ್ಲಿ ಪರೀಕ್ಷೆ ಬರೆದು ಪೇಟೆಂಟು ವಕೀಲಿ ಕಲಿತು ಬಂದಿದ್ದಾಳೆಂದಾಗ ಪೇಟೆಯವರು ಅದು ಹಲ್ಲಿನ ಡಾಕ್ಟರಿಕೆಯಂಥದ್ದೆಂದು ತಿಳಿದಿದ್ದರಂತೆ. ಈಗ ಮೇಜಿನ ಮೇಲೆ ಉಪ್ಪಿನಕಾಯಿ ಲೇಬಲ್ಲು, ಊದುಬತ್ತಿ ಹೆಸರಿನ ಜಗಳದ ಫೈಲು, ಅಡಿಕೆ ವಿಂಗಡಿಸುವ ಜರಡಿಯ ನಕ್ಷೆ ರಾಶಿ ಬಿದ್ದಿದ್ದವು.

ವೀರಪ್ಪ ಕೇಳಿದರು: "ಮೇಡಮ್ಮರ, ದನಿಗೆ ಕಾಯ್ದೆ ಐತೇನ್ರಿ?"

"ಹೋದ ವರ್ಷ ಮೇ ತಿಂಗಳಿಂದ ಇದೆ. ಅಲ್ಲಿಯವರೆಗೆ ಹಾಡು ಬರೆದವನಿಗೆ ಹಕ್ಕಿತ್ತು, ಟೇಪು ಮಾಡಿದ ಕಂಪನಿಗೆ ಹಕ್ಕಿತ್ತು. ಹಾಡಿದವನಿಗೆ ಎಂತದೂ ಇರಲಿಲ್ಲ. ಈಗ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದು ಪ್ರದರ್ಶಕನ ಹಕ್ಕು ಅಂತ ಸೇರಿದೆ. ವೇದಿಕೆ ಮೇಲೆ ಹಾಡಿದ್ದನ್ನು ಅವನ ಒಪ್ಪಿಗೆ ಇಲ್ಲದೆ ಟೇಪು ಮಾಡಿ ಹಂಚಿದರೆ ಕಲಂ 63. ಕ್ರಿಮಿನಲ್ ಕೇಸು. ವಾರಂಟ್ ಇಲ್ಲದೆ ನೀವೇ ಕ್ಯಾಸೆಟ್ ಜಪ್ತು ಮಾಡಬಹುದು."

ಮಾದೇವ ಬೆವೆತ. "ಮೇಡಂ, ಆಟ ಶುರುವಾಗೋ ಮೊದಲು ಜನ ತಮ್ ತಮ್ಮ ಟೇಪ್‌ರೆಕಾರ್ಡರ್ ತಂದು ವೇದಿಕೆ ಅಂಚಿಗೆ ಸಾಲಾಗಿ ಇಡ್ತಾರಲ್ಲ. ಭಾಗವತರ ಕಡೆ ಒಂದು ಕೈ ಮುಗಿದ್ರೆ ಒಪ್ಪಿಗೆ ಆಯ್ತು ಅಂತ್ಲೇ ಲೆಕ್ಕ."

"ಹಾಗೆ ನೋಡಿದ್ರೆ ಶಿರಸಿ ಸೀಮೆಯ ಅರ್ಧ ಜನ ಆರೋಪಿಗಳು ಮಾದೇವಣ್ಣ, ನಮ್ಮಪ್ಪನೂ ಸೇರಿ. ಮನೆಯಲ್ಲಿ ತನ್ನ ಪಾಡಿಗೆ ಕೇಳೋದಕ್ಕೆ ಮಾಡಿಕೊಂಡದ್ದಕ್ಕೆ ಕಾಯ್ದೆ ಕಣ್ಣು ಮುಚ್ಚುತ್ತದೆ. ಹಂಚಿದರೆ ಮುಚ್ಚೋದಿಲ್ಲ." ಪರಿಮಳಾ ಕ್ಯಾಸೆಟ್ ತಿರುಗಿಸಿ ನೋಡಿದರು. "ಒಂದು ಮಾತು. ಹಾಡಿದ್ದು ಯಾವ ಆಟದಲ್ಲಿ ಅಂತ ಮೊದಲು ಗೊತ್ತಾಗಬೇಕು. ಹೋದ ವರ್ಷದ ಮೇಗಿಂತ ಮುಂಚಿನದಾದರೆ ಕೇಸು ನಿಲ್ಲೋದು ಕಷ್ಟ."

ಅಂದೇ ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು. ನಾಲ್ಕು ಗಂಟೆಗೆ ಬಸ್ ನಿಲ್ದಾಣದೆದುರಿನ ತಿಮ್ಮನ ಕ್ಯಾಸೆಟ್ ಅಂಗಡಿ ಶೋಧವಾಯಿತು. ಪಂಚರಾಗಿ ಪಕ್ಕದ ಚಪ್ಪಲಿ ಅಂಗಡಿಯವನು ಮತ್ತು ಹೂವಿನವಳು ನಿಂತರು. ತಿಮ್ಮ ಗಾಬರಿ ಬಿದ್ದು, ಕೇಳದಿದ್ದದ್ದನ್ನೂ ಹೇಳಿದ.

"ಯಲ್ಲಾಪುರದ ಮನೋಹರ ಕೊಟ್ಟದ್ದು ಸ್ವಾಮಿ. ಸುಹಾಸನದ್ದೇ ಅಂತ ಮಾಡಿದ್ದೆ. ದೇವರಾಣೆ! ಶಿಷ್ಯ ಗುರುವಿನ ದನಿಯನ್ನ ಹೀಂಗೂ ಹೊತ್ತುಕೊಂಡಿದ್ದಾನಲ್ಲ ಅಂತ ನಾನೇ ಹೊಗಳಿದ್ದೆ."

"ಯಾರ್ ಯಾರು ತಗೊಂಡ್ರು?"

"ಸುಮಾರು ಜನ. ತಗೊಳ್ಳದೆ ಬರೀ ನಿಂತು ಕೇಳಿ ಹೋಗೋರು ಇನ್ನೂ ಹೆಚ್ಚು."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಜೀಪು ಯಲ್ಲಾಪುರದಲ್ಲಿತ್ತು. ಮನೋಹರನ ದುಕಾನಿನ ಹಿಂದಿನ ಕೋಣೆಯಲ್ಲಿ ಒಂದಕ್ಕೆ ಮೂರು ಕ್ಯಾಸೆಟ್ ನಕಲು ಮಾಡುವ ಯಂತ್ರ ಸಿಕ್ಕಿತು. ಅದರೊಳಗೇ ಮೂಲ ಟೇಪು ಕೂತಿತ್ತು. ಜಪ್ತಿ ಪಂಚನಾಮೆ ಮುಗಿಯುವವರೆಗೆ ಮನೋಹರ ಜಬರ್ದಸ್ತಿನಲ್ಲೇ ಇದ್ದ. ಕೈಗೆ ಬೇಡಿ ತೋರಿಸಿದ ಮೇಲೆ ಮೆತ್ತಗಾದ.

"ಟೇಪ್ ಯಾರು ಕೊಟ್ರು?"

"ಶಿರಸಿ ಬಸ್ಸಿನ ಕಂಡಕ್ಟರ್ ತಂದುಕೊಟ್ಟ. ಬಟ್ಟೆಯಲ್ಲಿ ಸುತ್ತಿ ಹೊಲಿದಿತ್ತು. ಯಾರು ಕೊಟ್ಟದ್ದು ಅಂತ ಅವನಿಗೂ ನೆನಪಿಲ್ಲ, ದಿನಾ ನೂರು ಗಂಟು ತರ್ತಾನೆ. ಅವತ್ತೇ ಫೋನ್ ಬಂತು. ಹೆಂಗಸು. ಎರಡು ನಕಲು ಮಾಡಿ ಅದೇ ಬಸ್ಸಿಗೆ ಕಳ್ಸಿ ಅಂದ್ಲು. ಕಳ್ಸಿದೆ. ಮೂಲ ಕಳ್ಸಿಲ್ಲ."

"ಯಾಕ?"

ಮನೋಹರ ನೆಲ ನೋಡಿದ. "ಹಾಕಿ ಕೇಳ್ದೆ ಸಾಹೇಬ್ರೆ. ಅಂಥಾ ದನಿ. ಬಿಡ್ಲಿಕ್ಕೆ ಮನಸಾಗ್ಲಿಲ್ಲ. ಮಾರಿದ್ರೆ ಹೋಗ್ತದೆ ಅಂತ ಗೊತ್ತಾಯ್ತು."

"ಸುಹಾಸನ ಹೆಸರು ನೀನ ಹಾಕಿದ್ಯಾ?"

"ಇಲ್ಲ ಇಲ್ಲ. ಫೋನಿನಲ್ಲೇ ಕೇಳಿದ್ದೆ, ಹಾಡಿದ್ದು ಯಾರು, ಮೇಲೆ ಏನಂತ ಬರೀಲಿ ಅಂತ. ಆ ಕಡೆ ಮಾತೇ ಇಲ್ಲ. ಲೈನ್ ಕಟ್ ಆಯ್ತೇನೋ ಅಂತ ಹಲೋ ಹಲೋ ಅಂದೆ. ಆಮೇಲೆ ಹೇಳಿದ್ಲು, ಸುಹಾಸ ಅಂತ ಬರೀರಿ, ಹೆಗ್ಗರಣೆ ಸುಹಾಸ."

ಹೆಂಗಸು ಎಂದ ಮೇಲೆ ಸುಹಾಸನ ಮನೆಯವರೇ ಇರಬೇಕೆಂದು ವೀರಪ್ಪ ನೇರ ಹೆಗ್ಗರಣೆಗೆ ಜೀಪು ತಿರುಗಿಸಿದರು. ಅಲ್ಲಿ ಮನೆಯಲ್ಲಿದ್ದದ್ದು ಸುಹಾಸ ಮತ್ತು ಅವನ ಅಪ್ಪ. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಸುಹಾಸನಿಗೆ ಮದುವೆಯಾಗಿರಲಿಲ್ಲ. ಪೊಲೀಸರು ಕ್ಯಾಸೆಟ್ ಮುಂದೆ ಹಿಡಿದಾಗ ಅವನು ಅದನ್ನು ಮುಟ್ಟದೆ ಹಿಂದೆ ಸರಿದ.

"ಇದು ನಿಂದೇನಪ್ಪ?"

"ಅಲ್ಲ. ಗುರುಗಳದ್ದು."

"ಗೊತ್ತಿತ್ತೇನು?"

"ಗೊತ್ತಿತ್ತು. ಸಿದ್ದಾಪುರದಲ್ಲಿ ಯಾರೋ ಕೈ ಕುಲುಕಿದ್ರು, ಏನ್ ಹಾಡಿದ್ದೀಯೋ ಮಾರಾಯಾ ಅಂದ್ರು. ಹೋಗಿ ಕೇಳಿದೆ. ಅಲ್ಲ, ನಂದಲ್ಲ ಅನ್ನಬೇಕು ಅಂತ ಮಾಡಿದೆ." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಹೇಳಲಿಲ್ಲ ಸಾಹೇಬ್ರೆ. ಹೊಗಳಿಸಿಕೊಂಡು ಸುಮ್ಮನಿದ್ದೆ. ಗುರುಗಳಿಗೆ ಗೊತ್ತಾತಾ?"

"ದೂರು ಕೊಟ್ಟವರು ಅವರೇ ಅದಾರ."

ಸುಹಾಸ ಅಂಗಳದ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ಕಳ್ಳನ ಗಾಬರಿ ಹೀಗಿರುವುದಿಲ್ಲ ಎಂದು ವೀರಪ್ಪನಿಗೆ ಅನುಭವವಿತ್ತು. ಹೇಳಿಕೆ ಬರೆಸಿಕೊಂಡು ಬಿಟ್ಟು ಬಂದರು.

ಉಳಿದದ್ದು ಆಟ ಯಾವುದೆಂಬ ಪ್ರಶ್ನೆ. ಈ ಕೆಲಸಕ್ಕೆ ಮಾದೇವ ಊಟ ಬಿಟ್ಟು ತಿರುಗಿದ. ಪರಿಚಯದ ಅಭಿಮಾನಿಗಳ ಮನೆಗಳಿಂದ ಟೇಪು ತಂದು, ಠಾಣೆಯ ಹಿಂದಿನ ಕೋಣೆಯಲ್ಲಿ ಒಂದೊಂದೇ ಹಾಕಿ ಮೂಲ ಟೇಪಿನೊಂದಿಗೆ ಹೋಲಿಸಿದ. ಗುರುವಾರ ಮಧ್ಯಾಹ್ನ ಜೋಡಿ ಸಿಕ್ಕಿತು. ಮೂರನೆಯ ಪದ್ಯದ ನಡುವೆ ಜನರೇಟರ್ ಒಮ್ಮೆ ಕೆಮ್ಮಿ ನಿಂತು ಮತ್ತೆ ಹಿಡಿಯುತ್ತದೆ. ಭಾಗವತರು ಆ ಕತ್ತಲಲ್ಲೂ ಪದ್ಯ ಬಿಡದೆ ಎಳೆಯುತ್ತಾರೆ. ಎರಡೂ ಟೇಪಿನಲ್ಲಿ ಅದೇ ಕೆಮ್ಮು, ಅದೇ ಎಳೆತ.

"ಇದು ಈ ವರ್ಷದ ಶಿವರಾತ್ರಿ ಆಟ ಸಾಹೇಬ್ರೆ, ಹೆಗ್ಗರಣೆಯಲ್ಲಿ. ನಾನೇ ಇದ್ದೆ. ಅವರು ಕಡೇ ಸಲ ಹಾಡಿದ್ದು ಅವತ್ತೇ." ಮಾದೇವ ಕಣ್ಣೊರೆಸಿಕೊಂಡ. "ಆಹಾ, ಏನು ಪದ್ಯ!"

ಆಟ ಕಾಯ್ದೆ ಬಂದ ಮೇಲಿನದು, ಕೇಸು ಗಟ್ಟಿಯಾಗಿ ನಿಂತಿತು. ಆದರೆ ವೀರಪ್ಪನ ಕಿವಿ ಪದ್ಯದ ಮೇಲಿರಲಿಲ್ಲ. ಪದ್ಯ ಅವರಿಗೆ ತಿಳಿಯುತ್ತಲೂ ಇರಲಿಲ್ಲ.

"ಮಾದೇವ, ನಡುನಡುವ 'ಟಕ್' ಅಂತೈತಲ್ಲ, ಅದೇನದು?"

"ಎಲ್ಲಿ?"

"ಎಲ್ಲಿ ಅಂದ್ರ! ಹಾಡು ಮುಗದ್ ಕೂಡ್ಲೆ. ಟಕ್ ಅಂತೈತಿ, ಆಮ್ಯಾಲ ಗಂಟಲು ಸರಿ ಮಾಡ್ಕೊಂಡ ಸಪ್ಪಳ, ಆಮ್ಯಾಲ ಮುಂದಿನ ಹಾಡು. ಪ್ರತಿ ಸಲ ಹಂಗ."

ಅಷ್ಟು ಸಲ ಕೇಳಿದ್ದ ಮಾದೇವನಿಗೆ ಆ ಸದ್ದು ಈಗ ಕೇಳಿಸಿತು. ಅವನು ನಾಲಿಗೆ ಕಚ್ಚಿಕೊಂಡ. ಅಭಿಮಾನಿಯ ಟೇಪು ಹಾಕಿ ನೋಡಿದರೆ ಅದರಲ್ಲಿ ಎಲ್ಲ ಇತ್ತು: ವೇಷಧಾರಿಗಳ ಮಾತು, ಹಾಸ್ಯ, ಗೆಜ್ಜೆ, ಜನರ ಶಿಳ್ಳೆ. ಮೂಲ ಟೇಪಿನಲ್ಲಿ ಭಾಗವತರ ಹಾಡು ಬಿಟ್ಟು ಒಂದು ಅಕ್ಷರ ಇರಲಿಲ್ಲ. ಪದ್ಯ ಮುಗಿದ ಕೂಡಲೇ ಯಾರೋ ಟೇಪು ನಿಲ್ಲಿಸಿದ್ದರು. ಮುಂದಿನ ಪದ್ಯ ಏಳುವ ಮುಂಚೆ ಮತ್ತೆ ಬಿಟ್ಟಿದ್ದರು. ಟೇಪಿನುದ್ದಕ್ಕೂ ಒಂದು ಸಲವೂ ಮೊದಲ ಅಕ್ಷರ ತಪ್ಪಿರಲಿಲ್ಲ.

"ಸಾಲಾಗಿ ಇಟ್ಟ ಟೇಪುಗಳನ್ನ ಹಿಂಗ ಗುಂಡಿ ಒತ್ತಕೋತ ಕೂಡೂ ಮಂದಿ ಇರ್ತಾರೇನು?"

"ಇಲ್ಲ ಸಾಹೇಬ್ರೆ. ಹಚ್ಚಿಟ್ಟು ಹಿಂದೆ ಹೋಗಿ ಕೂರ್ತೇವೆ. ಟೇಪು ತಿರುಗಿಸ್ಲಿಕ್ಕೆ ಮಾತ್ರ ಬರೋದು."

"ಇದರಾಗ ಅವರ ದನಿ ಹತ್ರ ಐತಿ, ಚಂಡೆ ಸಪ್ಪಳ ದೂರ. ಯಾರೋ ಅವರ ಬೆನ್ನ ಹಿಂದ ಕೂತಾರ. ಅವರು ಯಾವಾಗ ಹಾಡ್ತಾರ, ಯಾವಾಗ ಬಿಡ್ತಾರ, ಎಲ್ಲ ಗೊತ್ತಿದ್ದವರು. ಆಟ ಬ್ಯಾಡಾಗಿತ್ತು ಅವರಿಗೆ, ದನಿ ಅಷ್ಟ ಬೇಕಾಗಿತ್ತು."

ಭಾಗವತರ ಬೆನ್ನ ಹಿಂದೆ, ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಹೊರಗಿನವರು ಕೂರುವುದಿಲ್ಲ ಎಂದ ಮಾದೇವ. ಮೇಳದವರು ಕೂರಬಹುದು. ಮೇಳದಲ್ಲಿ ಹೆಂಗಸರಿಲ್ಲ. ಇಬ್ಬರೂ ಮಾತು ಅಲ್ಲಿಗೇ ಬಿಟ್ಟರು. ಮುಂದಿನದನ್ನು ಯೋಚಿಸಲು ಇಬ್ಬರಿಗೂ ಮನಸ್ಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ದನಿ ಗುರುತಿಸುವ ಪಂಚನಾಮೆ. ಕ್ಯಾಸೆಟ್ಟಿನಲ್ಲಿರುವುದು ತನ್ನದೇ ದನಿ ಎಂದು ದೂರುದಾರ ಪಂಚರ ಮುಂದೆ ಹೇಳಬೇಕು. ಹೇಳುವುದೆಲ್ಲಿಂದ, ತಲೆಯಾಡಿಸಬೇಕು. ಭಾಗವತರು ಬಹಳ ಹೊತ್ತು ಒಪ್ಪಲಿಲ್ಲ. ಕಾನೂನು ಬೇಡುತ್ತದೆ ಎಂದು ಪರಿಮಳಾ ತಿಳಿಸಿ ಹೇಳಿದ ಮೇಲೆ ಬೆಂಚಿನ ತುದಿಯಲ್ಲಿ ಕೂತರು. ಪಕ್ಕದಲ್ಲಿ ಭಾಗೀರಥಮ್ಮ, ಮಡಿಲಲ್ಲಿ ಕೈಚೀಲ.

ಮಾದೇವ ಟೇಪು ಹಚ್ಚಿದ.

ಠಾಣೆ ಸ್ತಬ್ಧವಾಯಿತು. ಲಾಕಪ್ಪಿನಲ್ಲಿದ್ದ ಕುಡುಕ ಕೂಡ ಎದ್ದು ಸರಳು ಹಿಡಿದು ನಿಂತ. ಭಾಗವತರು ಕಣ್ಣು ಮುಚ್ಚಿಕೊಂಡಿದ್ದರು. ಪದ್ಯ ಮೇಲಕ್ಕೆ ಹೋದಲ್ಲಿ ಅವರ ಬಾಯಿ ತೆರೆಯಿತು. ಕುತ್ತಿಗೆಯ ಬಟ್ಟೆಯೊಳಗಿಂದ ಬರೀ ಗಾಳಿ ಬಂತು. ಮಾದೇವ ಗೋಡೆ ಕಡೆ ತಿರುಗಿಕೊಂಡ.

ವೀರಪ್ಪ ನೋಡುತ್ತಿದ್ದದ್ದು ಭಾಗೀರಥಮ್ಮನ ಬಲಗೈಯನ್ನು. ಪದ್ಯ ಇಳಿಯುತ್ತ ಬಂದು ಕೊನೆಯ ಅಕ್ಷರ ಮುಗಿಯುವಾಗ ಆ ಕೈಯ ಹೆಬ್ಬೆರಳು ಚೀಲದ ಅಂಚನ್ನು ಒತ್ತಿತು. ಮರುಕ್ಷಣ ಟೇಪಿನಲ್ಲಿ ಟಕ್. ಎರಡನೆಯ ಪದ್ಯ. ಮತ್ತೆ ಹೆಬ್ಬೆರಳು, ಮತ್ತೆ ಟಕ್. ಮೂರನೆಯದಕ್ಕೂ ಹಾಗೇ. ಆಕೆಗೆ ತನ್ನ ಬೆರಳು ಓಡಾಡುತ್ತಿರುವುದು ಗೊತ್ತೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ಇದೇ ಹೆಂಗಸು, ಇದೇ ಬೆಂಚಿನ ಹತ್ತಿರ ನಿಂತು, ತನ್ನ ಮೇಲಿನ ದೂರನ್ನು ತಾನೇ ಓದಿ ಹೇಳಿದ್ದಳು!

"ಬಂದ್ ಮಾಡು ಮಾದೇವ." ಆಮೇಲೆ ಮೆತ್ತಗೆ ಕೇಳಿದರು. "ಅಮ್ಮಾರ, ಶಿವರಾತ್ರಿ ದಿನ ಹೆಗ್ಗರಣಿಯಾಗ ನೀವು ಎಲ್ಲಿ ಕೂತಿದ್ರಿ?"

ಭಾಗೀರಥಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. ಮತ್ತೆ ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು.

"ಪರದೆ ಹಿಂದೆ. ಅವರ ಬೆನ್ನಿಗೆ."

ಭಾಗವತರು ಕಣ್ಣು ಬಿಟ್ಟರು.

"ಟೇಪು ನಿಮ್ಮದೇನ್ರಿ?"

"ಹೌದು. ಆನೇ ಮಾಡಿದ್ದು." ಇಷ್ಟು ದಿನ ಗಂಡನ ಮಾತನ್ನು ಪೇಟೆಯ ಭಾಷೆಯಲ್ಲಿ ಓದುತ್ತಿದ್ದವರು ಈಗ ನಾನು ಎಂಬಲ್ಲಿ ಆನು, ನನಗೆ ಎಂಬಲ್ಲಿ ಎಂಗೆ ಎನ್ನುವ ಮನೆಯ ಮಾತಿಗೆ ಬಂದರು. "ಚಳಿಗಾಲದಿಂದ್ಲೇ ಅವರ ಗಂಟಲು ಸರಿ ಇತ್ತಿಲ್ಲೆ. ಪ್ರತಿ ಪದ್ಯಕ್ಕೂ ಸರಿ ಮಾಡ್ಕತ್ತಿದ್ರು. ಎಂಗೆ ಎಂತೋ ಹೆದರಿಕೆ. ಅದಕ್ಕೇ ಅವತ್ತು ಟೇಪು ತಗಂಡು ಹೋದಿ. ಟೇಪು ಖರ್ಚಾಗ್ತು ಹೇಳಿ ಹಾಡು ಮಾತ್ರ ಹಿಡಿದಿ. ಹಾಡು ಎತ್ತೋ ಮುಂಚೆ ಅವರ ಹೆಗಲು ಒಂಚೂರು ಏಳ್ತು, ಅದನ್ನ ನೋಡಿ ಗುಂಡಿ ಬಿಡ್ತಿದ್ದಿ."

"ಮನೆಯಲ್ಲಿದ್ದದ್ದೆಲ್ಲ ಸುಟ್ಟಿದ್ದಾರೆ ಅಂದ್ರಲ್ಲ?" ಪರಿಮಳಾ ಕೇಳಿದರು.

"ಇದೊಂದು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದಿ. ಅವರು ಹೊರಗೆ ಹೋದಾಗ ಸಣ್ಣಕೆ ಹಾಕ್ಯಂಡು ಕೇಳ್ತಿದ್ದಿ. ಒಂದಿನ ಟೇಪು ಮಿಷನ್ನಿಗೆ ಸಿಕ್ಕಿಬಿತ್ತು. ಜೀವವೇ ಹೋದಂಗಾತು ಎಂಗೆ. ಹಾಳಾದ್ರೆ ಮತ್ತೆಲ್ಲಿ? ಅದಕ್ಕೇ ಎರಡು ನಕಲು ಮಾಡಿಸಿದಿ. ಮಾರ್ತ ಹೇಳಿ ದೇವರಾಣೆ ಗೊತ್ತಿರ್ಲಿಲ್ಲೆ. ಮೂಲ ವಾಪಸು ಬರಲಿಲ್ಲೆ, ಕೇಳಲು ಧೈರ್ಯವಿಲ್ಲೆ. ಆಮೇಲೆ ಬಸ್ ನಿಲ್ದಾಣದಲ್ಲಿ ಕೇಳಿಸ್ತು."

"ಆವಾಗರೆ ಹೇಳಬಾರದೇನ್ರಿ?"

"ಹೇಳವಾಗಿತ್ತು. ಹೇಳಿದ್ದಿಲ್ಲೆ. ದಿನಾ ತರಕಾರಿ ನೆಪ ಮಾಡ್ಕಂಡು ಹೋಗಿ ನಿಂತು ಕೇಳಿದಿ. ಪೇಟೆ ನಡುವೆ, ಗಟ್ಟಿಯಾಗಿ. ತಪ್ಪು ಹೇಳಿ ಗೊತ್ತಿತ್ತು."

ವೀರಪ್ಪ ಕೊನೆಯ ಪ್ರಶ್ನೆ ಕೇಳಿದರು. "ಸುಹಾಸನ ಹೆಸರು ಯಾಕ್ರಿ? ಪಾಪ ಆ ಹುಡುಗ ಏನ್ ಮಾಡಿದ್ದ?"

"ಫೋನಿನಲ್ಲಿ ಆ ಮನುಷ್ಯ ಯಾರು ಹಾಡಿದ್ದು ಕೇಳ್ದ. ಮದುವೆ ಆದಾಗಿಂದ ಅವರ ಹೆಸರು ಆನು ಬಾಯಲ್ಲಿ ಹೇಳಿದ್ದೇ ಇಲ್ಲೆ. ಹೇಳಲೆ ನೋಡಿದಿ, ಬಾಯಿಗೆ ಬರ್ಲೇ ಇಲ್ಲೆ. ಅವ ಹಲೋ ಹಲೋ ಹೇಳ್ತಾ ಇದ್ದ. ಬೂತಿನ ಹೊರಗೆ ಜನ. ಎಂತಾದ್ರೂ ಹೇಳವಲ, ಸುಹಾಸ ಹೇಳಿಬಿಟ್ಟಿ."

ಶಿಷ್ಯನ ದುರಾಸೆ, ವೈರಿಯ ಹಗೆ, ಕಂಪನಿಯ ಮೋಸ ಎಂದು ಐದು ದಿನ ಊರೂರು ಸುತ್ತಿದ ಕೇಸು ಇಷ್ಟರ ಮೇಲೆ ನಿಂತಿತ್ತು. ಭಾಗವತರು ಸ್ಲೇಟು ಎತ್ತಿಕೊಂಡರು. ಒತ್ತಿದ ರಭಸಕ್ಕೆ ಬಳಪ ಮುರಿಯಿತು. ತುಂಡಿನಲ್ಲೇ ಬರೆದು ಹೆಂಡತಿಯ ಮುಂದೆ ಹಿಡಿದರು. ಅಭ್ಯಾಸ ಬಲದಿಂದ ಆಕೆ ಅದನ್ನೂ ಗಟ್ಟಿಯಾಗಿ ಓದಿದರು.

"ಎನ್ನ ಒಂದು ಮಾತು ಕೇಳಲಾಗಿತ್ತಿಲ್ಯಾ?"

ಓದಿದವರೇ ಉತ್ತರ ಕೊಟ್ಟರು. "ಕೇಳಿದ್ರೆ ಒಲೆಗೆ ಹಾಕ್ತಿದ್ರಿ."

ವೀರಪ್ಪ ಪರಿಮಳಾ ಅವರನ್ನು ಹೊರಗೆ ಕರೆದರು. "ಬಿಡಾಕ ಬರ್ತೈತೇನ್ರಿ ಮೇಡಮ್ಮರ?"

"ಇಲ್ಲ. ಮೂಲ ಕೊಟ್ಟದ್ದು ಅವರು, ಎಫ್‌ಐಆರ್ ಆಗಿದೆ. ರಾಜಿ ಮಾಡೋ ಕಲಮಲ್ಲ ಇದು." ಪರಿಮಳಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಈ ಕಾಯ್ದೆ ಬಂತು ಅಂತ ಖುಷಿಯಿಂದ ಬರೆದವಳು ನಾನು ಸಾಹೇಬ್ರೆ. ಮೊದಲು ಬಲಿಯಾದದ್ದು ಇವರಾ! ಒಂದು ದಾರಿ ಇದೆ. ವ್ಯಾಪಾರದ ಲಾಭಕ್ಕಲ್ಲದೆ ಮಾಡಿದ್ದರೆ ಕೋರ್ಟು ಶಿಕ್ಷೆ ಕಡಿಮೆ ಮಾಡಬಹುದು ಅಂತ ಅದೇ ತಿದ್ದುಪಡಿಯಲ್ಲಿ ಒಂದು ಸಾಲಿದೆ. ಉದ್ದೇಶ ಏನು ಅಂತ ನೀವು ಸರಿಯಾಗಿ ಬರೆದರೆ ಅದು ಉಪಯೋಗಕ್ಕೆ ಬರ್ತದೆ."

ಮಧ್ಯಾಹ್ನ ಹನ್ನೆರಡೂವರೆಗೆ ಭಾಗೀರಥಮ್ಮನವರ ಬಂಧನ ದಾಖಲಾಯಿತು. ಮಹಿಳಾ ಕಾನ್‌ಸ್ಟೇಬಲ್ ಸೌಮ್ಯ ಜೊತೆಯಲ್ಲಿ ಮನೆಗೆ ಹೋಗಿ ಎರಡು ನಕಲು ಕ್ಯಾಸೆಟ್ಟು ಮತ್ತು ಟೇಪ್‌ರೆಕಾರ್ಡರ್ ಜಪ್ತು ಮಾಡಿದರು. ಟೇಪು ತಡೆಯುವ ಗುಂಡಿಯ ಮೇಲಿನ ಬಣ್ಣ ಪೂರ್ತಿ ಸವೆದು ಬಿಳಿಯ ಪ್ಲಾಸ್ಟಿಕ್ ಕಾಣುತ್ತಿತ್ತು. ಪಂಚರು ಸಹಿ ಹಾಕಿದರು. ಮನೋಹರ ಮೊದಲನೆಯ ಆರೋಪಿ, ಭಾಗೀರಥಮ್ಮ ಎರಡನೆಯವರು. ಸುಹಾಸನ ಹೆಸರು ಸಾಕ್ಷಿಗಳ ಕಡೆಗೆ ಹೋಯಿತು.

ಮೂರು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಪರಿಮಳಾ ಜಾಮೀನು ಕೇಳಿದರು. ಸರ್ಕಾರಿ ವಕೀಲರು ಏನೂ ತಕರಾರು ಎತ್ತಲಿಲ್ಲ. ಜಾಮೀನುದಾರರು ಯಾರೆಂದು ಕೇಳಿದಾಗ ಹಿಂದಿನ ಬೆಂಚಿನಿಂದ ಭಾಗವತರು ಎದ್ದು ಬಂದರು. ಕೋರ್ಟಿನಲ್ಲಿ ಗುಸುಗುಸು ಎದ್ದಿತು. ದೂರು ಕೊಟ್ಟವರೇ ಆರೋಪಿಗೆ ಜಾಮೀನು ನಿಲ್ಲುವುದನ್ನು ಬೆಂಚ್ ಕ್ಲಾರ್ಕ್ ಈವರೆಗೆ ಕಂಡಿರಲಿಲ್ಲ.

"ಹೆಸರು ಹೇಳಿ."

ಭಾಗವತರು ಚೀಲದಲ್ಲಿ ಕೈ ಹಾಕಿ ಹುಡುಕಿದರು. ಸ್ಲೇಟಿತ್ತು. ಬಳಪದ ತುಂಡು ಠಾಣೆಯಲ್ಲೇ ಎಲ್ಲೋ ಬಿದ್ದುಹೋಗಿತ್ತು.

"ಹೆಸರು ಹೇಳ್ರಿ, ಹೊತ್ತಾಗ್ತದೆ."

ಭಾಗವತರು ಬಾಯಿ ತೆರೆದು ಸುಮ್ಮನೆ ನಿಂತರು. ಅಷ್ಟರಲ್ಲಿ ಕಟಕಟೆಯಿಂದ ಮಾತು ಬಂತು. ಮೊದಲು ಯಾರಿಗೂ ಸರಿಯಾಗಿ ಕೇಳಲಿಲ್ಲ. ಭಾಗೀರಥಮ್ಮ ಎರಡೂ ಕೈಯಿಂದ ಕಟಕಟೆಯ ಅಡ್ಡಪಟ್ಟಿ ಹಿಡಿದುಕೊಂಡು ಮತ್ತೊಮ್ಮೆ ಹೇಳಿದರು, ಇಡೀ ಕೋರ್ಟಿಗೆ ಕೇಳುವಂತೆ.

"ವಿಘ್ನೇಶ್ವರ. ನಿಲ್ಕುಂದದ ವಿಘ್ನೇಶ್ವರ ಭಾಗವತರು."

ಭಾಗವತರ ಕೈಯಿಂದ ಚೀಲ ಜಾರಿ ಬಿತ್ತು. ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಹೇಗೆ ಕೇಳುತ್ತದೆ ಎಂಬುದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಕ್ಲಾರ್ಕ್ ಬರೆದುಕೊಂಡರು. ಭಾಗವತರು ಕಣ್ಣಿನಲ್ಲಿ ನೀರು ತುಂಬಿಕೊಂಡೇ ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.

ಹೊರಗೆ ಬಂದಾಗ ಮಾದೇವ ಎಲ್ಲಿಂದಲೋ ಒಂದು ಬಳಪ ತಂದುಕೊಟ್ಟ. ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಭಾಗವತರು ಒಂದು ಸಾಲು ಬರೆದರು. ಮೂಲ ಟೇಪು ಕೋರ್ಟಿನ ವಶದಲ್ಲಿತ್ತು. ಕೇಸು ಮುಗಿದ ಮೇಲೆ ಹಕ್ಕುದಾರರೆಂದು ಅವರಿಗೇ ಸಿಗಬೇಕಾದದ್ದು. ಭಾಗೀರಥಮ್ಮ ಈ ಸಲ ಗಟ್ಟಿಯಾಗಿ ಓದಲಿಲ್ಲ. ಹಿಂದೆ ನಿಂತಿದ್ದ ಮಾದೇವ ಇಣುಕಿ ಓದಿದ.

'ವಾಪಸು ಬಂದ ಮೇಲೆ ಅಕ್ಕಿ ಡಬ್ಬಿಯಲ್ಲಿ ಮುಚ್ಚಿ ಇಡಡ, ಹೊರಗೇ ಇರಲಿ.'

ಸಂಜೆ ಠಾಣೆಯಲ್ಲಿ ವೀರಪ್ಪ ಕೇಸ್ ಡೈರಿ ತೆರೆದು ಕೂತರು. ಅಪರಾಧದ ಉದ್ದೇಶ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಅಲ್ಲಿ ಬರೆಯುವ ಮಾತುಗಳು ಅವರಿಗೆ ಬಾಯಿಪಾಠ: ಹಣದಾಸೆ, ಹಳೆಯ ದ್ವೇಷ, ಕುಡಿತದ ಅಮಲು, ಹೆಣ್ಣಿನ ವಿಷಯ. ಮನೋಹರನ ಹೆಸರಿನ ಮುಂದೆ ಮೊದಲನೆಯದನ್ನು ಬರೆದರು. ಎರಡನೆಯ ಆರೋಪಿಯ ಮುಂದೆ ಬರೆದರು: 'ಲಾಭದ ಉದ್ದೇಶವಿಲ್ಲ. ಗಂಡನ ದನಿ ಕೇಳಬೇಕಾಗಿತ್ತು.'

ಮಾದೇವ ಭುಜದ ಮೇಲಿಂದ ನೋಡಿದ. "ಇದನ್ನ ಓದಿದ್ರೆ ಮೇಲಿನೋರು ನಗ್ತಾರೆ ಸಾಹೇಬ್ರೆ."

"ನಗಲಿ ಬಿಡು. ಇದ್ದದ್ದು ಇದ್ದಂಗ ಬರದೀನಿ."

ಅವರು ಕೆಳಗೆ ಸಹಿ ಮಾಡಿ, ತಾರೀಖು ಹಾಕಿ, ಡೈರಿ ಮುಚ್ಚಿದರು.